ಪವರ್ ಕಂಡಿಷನರ್: ವಿಮೆಯೋ, ಶೋಕಿಯೋ?

ಟಕ್ವಿಲಾದ ಮನೆಗೆ ದುಬಾರಿ ಆಡಿಯೋ ಸಿಸ್ಟಮ್ ತಂದವರ ಮುಂದಿನ ಪ್ರಶ್ನೆ: ಪವರ್ ಕಂಡಿಷನರ್ ಬೇಕೇ? ನನ್ನ ಪ್ರಕಾರ ಅದನ್ನು ವಿಮೆಯಂತೆ ಅಳೆಯಬೇಕು.

ಫರ್ಮನ್ ಎಲೀಟ್, ಆಡಿಯೋಕ್ವೆಸ್ಟ್ ನಯಾಗರಾ ಎರಡೂ ಸರ್ಜ್ ತಡೆದು ಲೈನಿನ ನಾಯ್ಸ್ ಸೋಸುತ್ತವೆ. ಪಿಎಸ್ ಆಡಿಯೋದ ಪವರ್‌ಪ್ಲಾಂಟ್ ಎಸಿಯನ್ನೇ ಹೊಸದಾಗಿ ತಯಾರಿಸಿಕೊಡುತ್ತದೆ. ಬೆಲೆ ಸಾವಿರಾರು ಡಾಲರ್. ಫ್ರಿಜ್‌ಗೂ ಸ್ಟೆಬಿಲೈಸರ್ ಇಟ್ಟು ಬೆಳೆದ ನಮಗೆ ಇದು ಆಕರ್ಷಕವೇ. ಆದರೆ ಇಲ್ಲಿನ 120 ವೋಲ್ಟ್ ಅಷ್ಟೊಂದು ಏರಿಳಿಯುವುದಿಲ್ಲ. 2024ರ ನವೆಂಬರ್ ಬಿರುಗಾಳಿಯಲ್ಲಾದಂತೆ ಕರೆಂಟೇ ಹೋದರೆ ಇವು ಯಾವುವೂ ನೆರವಿಗೆ ಬರುವುದಿಲ್ಲ, ಒಳಗೆ ಬ್ಯಾಟರಿಯಿಲ್ಲ.

ಅದೇ 3000 ಡಾಲರ್ ವರ್ಷಕ್ಕೆ ಶೇ. 7ರಂತೆ ಬೆಳೆದರೆ 10 ವರ್ಷದಲ್ಲಿ ಸುಮಾರು 5900. ಮೊದಲು ಎಲೆಕ್ಟ್ರಿಷಿಯನ್‌ನಿಂದ 20 ಆಂಪ್ ಪ್ರತ್ಯೇಕ ಲೈನ್, ಒಂದು ಒಳ್ಳೆಯ ಸರ್ಜ್ ಪ್ರೊಟೆಕ್ಟರ್. ಆಮೇಲೂ ಆಸೆಯಿದ್ದರೆ, ವಾಪಸ್ ಕೊಡಬಹುದಾದ ಕಡೆ ಕೊಂಡು ಮನೆಯಲ್ಲೇ ಕೇಳಿ ನೋಡಿ. ವ್ಯತ್ಯಾಸ ಕಿವಿಗೆ ಬೀಳದಿದ್ದರೆ ಹಿಂದಿರುಗಿಸಿ.