ಧರ್ಮಾಸ್ಪತ್ರೆಯೂ ವಿಮೆಯ ಕಾರ್ಡೂ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಸಂಜೆಯ ಹೊತ್ತು ಕಲ್ಲುಬೆಂಚಿನ ಮೇಲೆ ಕೂಡುವ ಐದಾರು ಮಂದಿ ಪಿಂಚಣಿದಾರರಲ್ಲಿ ನಾನೂ ಒಬ್ಬ. ದೇಶದ ಸಮಸ್ತ ಸಮಸ್ಯೆಗಳೂ ಅಲ್ಲಿ ಬೀದಿದೀಪ ಹತ್ತುವುದರೊಳಗಾಗಿ ಬಗೆಹರಿಯುತ್ತವೆ. ಕಳೆದ ವಾರ ಸರ್ಕಾರಿ ಆಸ್ಪತ್ರೆಗಳ ಸರದಿ ಬಂತು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದ ರಾಯರು ಜೇಬಿನಿಂದ ಆರೋಗ್ಯ ವಿಮೆಯ ಕಾರ್ಡನ್ನು ತೆಗೆದು, ಇಸ್ಪೀಟಿನಾಟದಲ್ಲಿ ತುರುಪಿನ ಎಲೆ ಇಳಿಸುವವರಂತೆ ಬೆಂಚಿನ ಮೇಲಿಟ್ಟು, “ಅಲ್ಲ ಮೇಷ್ಟ್ರೇ, ಸರ್ಕಾರಕ್ಕೆ ಆಸ್ಪತ್ರೆ ನಡೆಸುವ ಗೋಳೇಕೆ? ಇದ್ದುದನ್ನೆಲ್ಲ ಮುಚ್ಚಿಬಿಡಲಿ. ಬಡವರಿಗೂ ಇಂಥದೊಂದು ಕಾರ್ಡು ಕೊಟ್ಟು ಕಂತು ಕಟ್ಟಲಿ. ಯಾರಿಗೆ ಯಾವ ಆಸ್ಪತ್ರೆ ಬೇಕೋ ಅಲ್ಲಿಗೆ ಹೋಗುತ್ತಾರೆ” ಎಂದರು. ಎಲ್ಲರೂ ತಲೆದೂಗಿದರು. ನನಗೆ ಆಗ ತಕ್ಕ ಉತ್ತರ ತೋಚಲಿಲ್ಲ. ವಾದದ ಮಾತೆಲ್ಲ ಮನೆಗೆ ಬಂದ ಮೇಲೆ ಹೊಳೆಯುವುದು ನನ್ನ ಹಳೆಯ ರೋಗ. ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಯರ ಮಾತಿನಲ್ಲಿ ನಿಜವಿಲ್ಲವೆಂದು ನಾನು ಹೇಳಲಾರೆ. ಸರ್ಕಾರಿ ಆಸ್ಪತ್ರೆಯೊಂದರ ಸಾಲಿನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ನಿಂತು, ಕೊನೆಗೆ “ಡಾಕ್ಟರು ಇವತ್ತು ಬಂದಿಲ್ಲ” ಎಂಬ ಮಾತು ಕೇಳಿ ಹಿಂದಿರುಗಿದವನು ನಾನು. ಗಾಲಿಕುರ್ಚಿ ತಳ್ಳುವವನ ಕೈಗೆ ಕಾಸು ಬೀಳದೆ ಗಾಲಿ ಉರುಳದಿದ್ದುದನ್ನೂ ಕಂಡಿದ್ದೇನೆ. ಇವೆಲ್ಲ ಕಟ್ಟುಕಥೆಯಲ್ಲ. ಆದರೆ ನೆಗಡಿ ಬಂದರೆ ಮೂಗು ಕೊಯ್ದುಕೊಳ್ಳಬೇಕೆ ಎಂಬುದೇ ನನ್ನ ಪ್ರಶ್ನೆ.

ವಿಮೆಯೆಂಬುದೇನು? ಅದೊಂದು ವ್ಯಾಪಾರದ ಕರಾರು. ವ್ಯಾಪಾರಿಯನ್ನು ನಾನು ಬೈಯುವುದಿಲ್ಲ. ಲಾಭ ನೋಡುವುದು ಅವನ ಕಸುಬು. ಆದರೆ ಈ ವ್ಯಾಪಾರದ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಬಟ್ಟೆ ಅಂಗಡಿಯವನಿಗೆ ಬಟ್ಟೆ ಕೊಳ್ಳುವವನೇ ಒಳ್ಳೆಯ ಗಿರಾಕಿ. ವಿಮೆಯ ಅಂಗಡಿಗೆ ಕಂತು ಕಟ್ಟಿಯೂ ಎಂದೂ ಕಾಯಿಲೆ ಬೀಳದವನೇ ಒಳ್ಳೆಯ ಗಿರಾಕಿ. ಆದ್ದರಿಂದ ಮೈ ಗಟ್ಟಿಯಿದ್ದಾಗ ಕಂತು ಕಡಿಮೆ. ಮೈ ಸೋತು ಸಂಬಳ ನಿಂತ ಕಾಲಕ್ಕೆ ಕಂತು ಹೆಚ್ಚು. 65 ದಾಟಿದವರಿಗೆ ಹೊಸ ಪಾಲಿಸಿಯನ್ನೇ ಕೊಡದಿರುವ ರೂಢಿಯಿತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆ ವಯಸ್ಸಿನ ಕಟ್ಟನ್ನು ತೆಗೆಯಿತು. ಬಾಗಿಲೇನೋ ತೆರೆಯಿತು, ಆದರೆ ಒಳಗೆ ಬರಲು ಎಷ್ಟು ತೆರಬೇಕೆಂಬುದನ್ನು ಪಿಂಚಣಿಯ ಲೆಕ್ಕ ಬಲ್ಲವರೇ ಹೇಳಬೇಕು.

ಕಂತು ಕಟ್ಟಿದವನಾದರೂ ನಿಶ್ಚಿಂತನೆ? ನನ್ನ ಭಾವಮೈದುನನ ಕಥೆ ಕೇಳಿ. ಪಾಲಿಸಿ 5 ಲಕ್ಷದ್ದು. ಕೋಣೆಯ ಬಾಡಿಗೆ ದಿನಕ್ಕೆ 5,000 ರೂಪಾಯಿ ಮೀರಬಾರದೆಂಬ ಒಂದು ವಾಕ್ಯ ಸಣ್ಣಕ್ಷರದಲ್ಲಿ ಅಡಗಿ ಕುಳಿತಿತ್ತು. ಆ ದಿನ ಖಾಲಿಯಿದ್ದ ಕೋಣೆ 8,000ದ್ದು. ಹೆಚ್ಚಿನ 3,000ವನ್ನು ತಾನು ಕೊಟ್ಟರಾಯಿತೆಂದು ಅವನು ತಿಳಿದ. ಹಾಗಲ್ಲ! ವೈದ್ಯರ ಶುಲ್ಕ, ಆಪರೇಷನ್ ಕೋಣೆಯ ಖರ್ಚು ಮೊದಲಾದ ಬಾಬುಗಳಿಗೂ ಕಂಪನಿಯವರು ಎಂಟರಲ್ಲಿ ಐದು ಪಾಲು ಮಾತ್ರ ಕೊಟ್ಟರು. ಆ ಬಾಬು 1,60,000 ಇದ್ದರೆ ಕೈಗೆ ಬಂದದ್ದು 1 ಲಕ್ಷ. ಕರಾರಿನ ಪ್ರಕಾರ ಅದು ನ್ಯಾಯವೇ. ಆದರೆ ನೋವಿನಿಂದ ನರಳುತ್ತ ಸ್ಟ್ರೆಚರಿನ ಮೇಲೆ ಮಲಗಿದವನು ಕರಾರು ಓದಿ ಕೋಣೆ ಆರಿಸಬೇಕೆನ್ನುವುದು ಎಂಥ ನ್ಯಾಯ? ರೋಗಿಗೆ ತಾನು ಕೊಳ್ಳುತ್ತಿರುವುದು ಏನೆಂಬುದೇ ತಿಳಿಯದು, ಆದ್ದರಿಂದ ವೈದ್ಯವು ಉಳಿದ ಸರಕಿನಂಥ ಸರಕಲ್ಲ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1963ರಲ್ಲೇ ವಿವರಿಸಿದ್ದರು. “ಯಾವ ಆಸ್ಪತ್ರೆ ಬೇಕೋ ಅಲ್ಲಿಗೆ” ಎನ್ನುವ ರಾಯರು ಇದಕ್ಕೇನು ಹೇಳುತ್ತಾರೆ?

ಕಂತನ್ನು ಸರ್ಕಾರವೇ ಕಟ್ಟಿದರೆ? ಅದೂ ನಡೆದಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ದೊರೆಯುತ್ತದೆ. ಅದರಿಂದ ಉಳಿದ ಪ್ರಾಣಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಆ ಕಾರ್ಡು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವನಿಗೆ; ನಡೆದುಕೊಂಡು ಬಂದು ಮಾತ್ರೆ ಕೇಳುವವನಿಗಲ್ಲ. ನಮ್ಮ ಮನೆಗೆಲಸದಾಕೆಗೆ ಸಕ್ಕರೆ ಕಾಯಿಲೆ. ತಿಂಗಳ ಮಾತ್ರೆಗೆ ಹಣ ಸಾಲದೆ ಎರಡು ದಿನಕ್ಕೊಂದು ನುಂಗುತ್ತಾಳೆ. ಮಾತ್ರೆಗೆ ಅವಳ ಬಳಿ ಕಾಸಿಲ್ಲ. ಮುಂದೆ ಕಾಲು ಕೊಳೆತರೆ ಕತ್ತರಿಸುವುದಕ್ಕೆ ಕಾರ್ಡಿದೆ! ಇದನ್ನು ಆರೋಗ್ಯದ ವಿಮೆ ಎನ್ನೋಣವೋ, ಅನಾರೋಗ್ಯದ ವಿಮೆ ಎನ್ನೋಣವೋ? ಸರ್ಕಾರದ ಲೆಕ್ಕದಂತೆಯೇ 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇಕಡ 39.4 ಭಾಗ ಜನರ ಸ್ವಂತ ಜೇಬಿನಿಂದ ಹೋಗಿದೆ. ಜ್ವರ, ಕೆಮ್ಮು, ರಕ್ತದೊತ್ತಡ, ಸಕ್ಕರೆ — ಇವುಗಳಿಗೆ ಬೇಕಾದದ್ದು ಬೀದಿಯ ಕೊನೆಯಲ್ಲಿ ಒಂದು ದವಾಖಾನೆ, ಅದರೊಳಗೆ ಒಬ್ಬ ಡಾಕ್ಟರು, ಅಲಮಾರಿನಲ್ಲಿ ಔಷಧಿ. ಕಾರ್ಡು ಇದಾವುದನ್ನೂ ಕಟ್ಟುವುದಿಲ್ಲ. ಆಸ್ಪತ್ರೆಯೇ ಇಲ್ಲದ ತಾಲೂಕಿನಲ್ಲಿ ಅದು ಬಾವಿಯಿಲ್ಲದ ಊರಿನ ಕೊಡದಂತೆ.

“ಸರ್ಕಾರದ ಕೈಯಲ್ಲಿ ಏನು ತಾನೆ ನೆಟ್ಟಗಾದೀತು?” ಎಂಬುದು ರಾಯರ ಕೊನೆಯ ಅಸ್ತ್ರ. ಇದೇ ರಾಯರು ಎದೆನೋವು ಬಂದಾಗ ಹೋದದ್ದು ಜಯದೇವ ಆಸ್ಪತ್ರೆಗೆ! ಕ್ಯಾನ್ಸರೆಂದರೆ ಕಿದ್ವಾಯಿ, ನರರೋಗವೆಂದರೆ ನಿಮ್ಹಾನ್ಸ್ ಎಂದು ನಾವೇ ಬಂಧುಗಳಿಗೆ ಹೇಳುತ್ತೇವೆ. ಅವೂ ಸರ್ಕಾರದ ಸಂಸ್ಥೆಗಳೇ ಅಲ್ಲವೆ? ಹಣ, ಸಾಮಗ್ರಿ, ಹೊಣೆಯುಳ್ಳ ಮುಖ್ಯಸ್ಥರು ಇದ್ದಲ್ಲಿ ಕೆಲಸ ನಡೆದಿದೆ. ಹಾಗಾದರೆ ವಾರ್ಡಿನ ಸಣ್ಣ ಆಸ್ಪತ್ರೆ ಏಕೆ ಸೊರಗಿತು?

ನನ್ನ ಉತ್ತರ ಕಹಿಯಾದದ್ದು: ನಾವು ಅದನ್ನು ಬಿಟ್ಟೆವು; ಅದಕ್ಕೇ ಅದು ಕೆಟ್ಟಿತು. ನಾನು ಹುಡುಗನಾಗಿದ್ದಾಗ ನಮ್ಮ ಊರಿನಲ್ಲಿದ್ದುದು ಒಂದೇ ಧರ್ಮಾಸ್ಪತ್ರೆ. ಕೈಯಲ್ಲಿ ಸೀಸೆ ಹಿಡಿದು ಕೆಂಪು ಔಷಧಿಗೆ ನಿಂತ ಸಾಲಿನಲ್ಲಿ ಅಮಲ್ದಾರರ ಮನೆಯ ಆಳೂ ಇರುತ್ತಿದ್ದ, ಗಾಡಿ ಹೊಡೆಯುವವನ ಹೆಂಡತಿಯೂ ಇರುತ್ತಿದ್ದಳು. ಕಾಂಪೌಂಡರು ಔಷಧಿಗೆ ನೀರು ಹೆಚ್ಚು ಬೆರೆಸಿದರೆ ಸುದ್ದಿ ಸಂಜೆಗೆ ಅಮಲ್ದಾರರ ಕಿವಿಗೆ ಬೀಳುತ್ತಿತ್ತು. ಆಮೇಲೆ ನಾವು ಉಳ್ಳವರಾದೆವು. ನರ್ಸಿಂಗ್ ಹೋಮಿಗೆ ಹೋದೆವು. ಸಾಲಿನಲ್ಲಿ ಉಳಿದವರು ಕೂಗಿದರೂ ಯಾರೂ ಕೇಳದಂಥವರು. 1946ರಷ್ಟು ಹಿಂದೆಯೇ ಭೋರ್ ಸಮಿತಿ ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ವೈದ್ಯ ತಪ್ಪಬಾರದೆಂದು ಹೇಳಿತ್ತು. ಸರ್ಕಾರದ ಆರೋಗ್ಯ ವೆಚ್ಚ 2025ರ ಹೊತ್ತಿಗೆ ರಾಷ್ಟ್ರೀಯ ಉತ್ಪನ್ನದ ಶೇಕಡ 2.5ಕ್ಕೆ ಏರುವುದೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಮಾತು ಕೊಟ್ಟಿತ್ತು. 2021-22ರಲ್ಲಿ ಅದು ಇದ್ದದ್ದು 1.84. ಈ ಬಗ್ಗೆ ಪತ್ರಿಕೆಗೆ ಒಂದು ಕಾಗದ ಬರೆದವರು ನಮ್ಮ ಬೆಂಚಿನಲ್ಲಿ ಯಾರು? ವಿಮೆಯ ಕಂತಿನ ಮೇಲಿನ ಶೇಕಡ 18 ತೆರಿಗೆಗೆ ಮಾತ್ರ ನಾವೆಲ್ಲ ಗೊಣಗಿದೆವು, ಬರೆದೆವು. 2025ರ ಸೆಪ್ಟೆಂಬರಿನಲ್ಲಿ ಅದು ರದ್ದಾದಾಗ ಪಾರ್ಕಿನಲ್ಲಿ ಮೈಸೂರುಪಾಕು ಹಂಚಿದೆವು. ನಮ್ಮ ಕೂಗಿಗೆ ಬಲವಿದೆಯೆಂದಾಯಿತಲ್ಲ!

ಇಂಗ್ಲೆಂಡಿನಲ್ಲಿ ಅನೈರಿನ್ ಬೆವನ್ ಆರೋಗ್ಯ ಮಂತ್ರಿಯಾಗಿದ್ದಾಗ, 1948ರ ಜುಲೈ 5ರಂದು, ಮುಖ್ಯವಾಗಿ ತೆರಿಗೆಯ ಹಣದಿಂದ ಎಲ್ಲರಿಗೂ ಒಂದೇ ವೈದ್ಯಸೇವೆ ಆರಂಭವಾಯಿತು. ಇಂದು ಅಲ್ಲಿಯೂ ಆಪರೇಷನ್ನಿಗೆ ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಆದರೆ ಆ ಸಾಲು ಬೆಳೆದರೆ ಚುನಾವಣೆಯಲ್ಲಿ ಮಂತ್ರಿಗಳು ಉತ್ತರ ಹೇಳಬೇಕಾಗುತ್ತದೆ. ಏಕೆಂದರೆ ಮತ ಹಾಕುವ ಮಧ್ಯಮ ವರ್ಗದವರೂ ಅದೇ ಸಾಲಿನಲ್ಲಿದ್ದಾರೆ. ನಮ್ಮಲ್ಲಿಯೂ ಅದೇ ವರ್ಷ ಬಂದ ಇ.ಎಸ್.ಐ. ಕಾಯಿದೆಯ ತತ್ತ್ವ ಇದರ ನೆರೆಯದೇ: ಕೂಲಿಗೆ ತಕ್ಕಂತೆ ಕೊಡು, ಕಾಯಿಲೆಗೆ ತಕ್ಕಂತೆ ಪಡೆ. ಖಾಸಗಿ ವಿಮೆಯ ತತ್ತ್ವ ತಿರುಗಾಮುರುಗಾ: ಕಾಯಿಲೆಯ ಭಯಕ್ಕೆ ತಕ್ಕಂತೆ ಕೊಡು, ಕರಾರಿಗೆ ತಕ್ಕಂತೆ ಪಡೆ.

ಧರ್ಮಾಸ್ಪತ್ರೆ ಎಂಬ ಹೆಸರೇ ನಮ್ಮನ್ನು ದೂರ ಮಾಡಿತೋ ಏನೋ. ಮಾನವಂತರು ಧರ್ಮಕ್ಕೆ ಕೈ ಚಾಚುವುದೆ ಎಂಬ ನಾಚಿಕೆ. ಆದರೆ ಅದು ಯಾರ ಧರ್ಮ? ಬೆಂಕಿಪೊಟ್ಟಣ ಕೊಳ್ಳುವ ಕೂಲಿಯವಳೂ ತೆರಿಗೆ ತೆರುತ್ತಾಳೆ. ಆಕೆಗೂ ನಮಗೂ ಅಲ್ಲಿರುವುದು ಭಿಕ್ಷೆಯಲ್ಲ, ಬಾಕಿ.

ನಾನೂ ವಿಮೆಯ ಕಂತು ಕಟ್ಟಿದವನೇ. ಈ ಸಾಲಿನದೂ ಕಟ್ಟಿಯಾಗಿದೆ. ಭಯ ನನಗೂ ಇದೆ. ಕಾರ್ಡನ್ನು ಹರಿದು ಹಾಕಿರೆಂದು ಯಾರಿಗೂ ಹೇಳುವುದಿಲ್ಲ. ಕಾರ್ಡು ಸಿಕ್ಕಿತೆಂದು ಆಸ್ಪತ್ರೆಯನ್ನು ಮುಚ್ಚಬೇಡಿ ಎಂದಷ್ಟೇ ನನ್ನ ಮಾತು. ರಾಜ್ಯದ ಪಟ್ಟಣಗಳಲ್ಲಿ 2022ರ ಕೊನೆಯಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ ನಮ್ಮ ವಾರ್ಡಿನಲ್ಲಿಯೂ ಒಂದಿದೆ. ಪಾರ್ಕಿನಿಂದ ಹತ್ತು ನಿಮಿಷದ ನಡಿಗೆ. ನಮ್ಮ ಬೆಂಚಿನವರು ಒಬ್ಬರೂ ಅದರ ಮೆಟ್ಟಿಲು ಹತ್ತಿಲ್ಲ. ರಾಯರೆ, ಸೋಮವಾರ ಬೆಳಗ್ಗೆ ಇಬ್ಬರೂ ಹೋಗಿ ಸಕ್ಕರೆ ಪರೀಕ್ಷೆ ಮಾಡಿಸಿಕೊಂಡು ಬರೋಣ. ಮನೆಗೆಲಸದಾಕೆಯನ್ನೂ ಜೊತೆಗೆ ಬರಹೇಳಿದ್ದೇನೆ. ಡಾಕ್ಟರಿದ್ದು ಔಷಧಿ ಸಿಕ್ಕಿದರೆ ನಿಮ್ಮ ವಾದ ಸೋತಿತು. ಸಿಗದಿದ್ದರೆ ಗಲಾಟೆ ಮಾಡೋಣ. ಮ್ಯಾನೇಜರಾಗಿದ್ದವರು ತಾವು, ಕಾಗದ ಬರೆದು ಉತ್ತರ ತರಿಸುವ ವಿದ್ಯೆ ನಿಮಗೆ ಚೆನ್ನಾಗಿ ಗೊತ್ತು.