ಪಿಂಕ್ ಫ್ಲಾಯ್ಡ್ ಒಬ್ಬನ ಸ್ವತ್ತಲ್ಲ

ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಎಂದರೆ ರೋಜರ್ ವಾಟರ್ಸ್, ಮಿಕ್ಕವರು ಅವನು ಹೇಳಿದ್ದನ್ನು ನುಡಿಸಿದವರು ಎಂದು ವಾದಿಸುವವರು ಬೆಂಗಳೂರಿನಲ್ಲಿ ಸ್ವಲ್ಪ ಹೆಚ್ಚೇ ಇದ್ದಾರೆ. ಅದಕ್ಕೆ ಕಾರಣವೂ ಇದೆ. 2002ರಲ್ಲಿ ಅರಮನೆ ಮೈದಾನಕ್ಕೆ ಬಂದು ಹಾಡಿದವನು ವಾಟರ್ಸ್. ಕಣ್ಣಾರೆ ಕಂಡವನ ಮೇಲೆ ಅಭಿಮಾನ ಉಕ್ಕುವುದು ಸಹಜ. ಆದರೆ ಆ ಅಭಿಮಾನವನ್ನೇ ಇತಿಹಾಸವೆಂದು ಸಾಧಿಸಹೊರಟರೆ ಉತ್ತರ ಹೇಳಲೇಬೇಕಾಗುತ್ತದೆ. ಎದುರು ಪಾಳಯದ, ಗಿಟಾರ್ ವಾದಕ ಗಿಲ್ಮೋರನ ಭಕ್ತರು ಈಗಲೇ ಚಪ್ಪಾಳೆ ತಟ್ಟುವುದು ಬೇಡ, ಅವರ ಸರದಿಯೂ ಬರುತ್ತದೆ.

ವಾಟರ್ಸ್ ಪಕ್ಷದವರು ಮೊದಲು ಮುಂದಿಡುವ ಸಾಕ್ಷಿ ರೆಕಾರ್ಡಿನ ಕವರ್. 1973ರ 'ದ ಡಾರ್ಕ್ ಸೈಡ್ ಆಫ್ ದ ಮೂನ್'ನಿಂದ 1983ರ 'ದ ಫೈನಲ್ ಕಟ್'ವರೆಗೆ ಸಾಹಿತ್ಯವೆಲ್ಲ ಅವನದು. 'ದ ವಾಲ್'ನ 26 ತುಣುಕುಗಳಲ್ಲಿ ಡೇವಿಡ್ ಗಿಲ್ಮೋರನ ಹೆಸರು ಸಿಗುವುದು ಮೂರರಲ್ಲಿ ಮಾತ್ರ. ಎಣಿಕೆ ಸರಿಯಾಗಿದೆ. ಆದರೆ ಕವರ್ ಮೇಲೆ ಅಚ್ಚಾಗುವುದು ರಾಯಲ್ಟಿ ಯಾರಿಗೆ ಸೇರಬೇಕೆಂಬ ಲೆಕ್ಕ. ಸ್ಟುಡಿಯೋದ ಬಾಗಿಲು ಮುಚ್ಚಿದ ಮೇಲೆ ಒಳಗೆ ನಡೆದದ್ದು ಅದರಲ್ಲಿ ಪೂರ್ತಿ ಇರುವುದಿಲ್ಲ.

'ಮನಿ' ಹಾಡನ್ನು ತೆಗೆದುಕೊಳ್ಳಿ. ಕವರ್ ಪ್ರಕಾರ ಅದು ಇಡಿಯಾಗಿ ವಾಟರ್ಸ್‌ನದು. ನಾಣ್ಯಗಳ ಸದ್ದು, ಗಲ್ಲಾಪೆಟ್ಟಿಗೆಯ ಸದ್ದು, ಕಾಗದ ಹರಿಯುವ ಸದ್ದು ಎಲ್ಲವನ್ನೂ ಟೇಪಿನ ತುಂಡುಗಳಲ್ಲಿ ಹಿಡಿದು, ಅಂಟಿಸಿ, ಏಳು ಮಾತ್ರೆಯ ಲಯ ಕಟ್ಟಿದ ಕಲ್ಪನೆ ಅವನದೇ. ಮಿಶ್ರ ಛಾಪು ಕೇಳಿ ಬೆಳೆದ ಕಿವಿಗೆ ಏಳು ದೊಡ್ಡ ವಿಷಯವಲ್ಲ, ರಾಕ್‌ನವರಿಗೆ ಅದು ಅಪರೂಪ. ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ಕೂಡ ಆ ಏಳರಲ್ಲೇ ಒದ್ದಾಡಿಕೊಂಡು ಸಾಗುತ್ತದೆ. ಗಿಟಾರ್ ಸೋಲೋ ಶುರುವಾದ ಕೂಡಲೇ ಲಯ ನಾಲ್ಕಕ್ಕೆ ಇಳಿಯುತ್ತದೆ, ಕಟ್ಟು ಬಿಚ್ಚಿದ ಹಾಗೆ ಹಾಡು ಓಡತೊಡಗುತ್ತದೆ. ಸೋಲೋ ನಾಲ್ಕು ಮಾತ್ರೆಯಲ್ಲಿರಬೇಕು ಎಂದು ಬಯಸಿದವನು ಅದನ್ನು ನುಡಿಸಬೇಕಿದ್ದ ಗಿಲ್ಮೋರ್. ಆ ತಿರುವು ಇಲ್ಲದಿದ್ದರೆ 'ಮನಿ' ಒಂದು ಜಾಣ ಚಮತ್ಕಾರವಾಗಿ ಉಳಿಯುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಕವರ್ ಮೇಲೆ ಅದಕ್ಕೊಂದು ಸಾಲೂ ಇಲ್ಲ.

'ಅನದರ್ ಬ್ರಿಕ್ ಇನ್ ದ ವಾಲ್'ನ ಎರಡನೇ ಭಾಗದ ಕತೆ ಇನ್ನೂ ಸ್ವಾರಸ್ಯದ್ದು. ವಾಟರ್ಸ್ ತಂದದ್ದು ಒಂದೇ ಚರಣದ ಪುಟ್ಟ ಹಾಡು. ಅದಕ್ಕೆ ಡಿಸ್ಕೋ ತಾಳ ಹಾಕಿಸಿದವನು ನಿರ್ಮಾಪಕ ಬಾಬ್ ಎಜ್ರಿನ್. ಅದನ್ನು ಉದ್ದ ಮಾಡಿ ಸಿಂಗಲ್ ಆಗಿ ಬಿಡಬೇಕೆಂದು ಹಟ ಹಿಡಿದವನೂ ಅವನೇ. ಎರಡನೇ ಚರಣ ಇರಲಿಲ್ಲವಾದ್ದರಿಂದ ಮೊದಲನೆಯದನ್ನೇ ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳಿಂದ ಮತ್ತೊಮ್ಮೆ ಹಾಡಿಸಿ ಸೇರಿಸಿದರು. 1979ರ ಡಿಸೆಂಬರಿನಲ್ಲಿ ಅದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇಂದಿಗೂ ಆ ಹಾಡು ಎಂದರೆ ನಮಗೆ ನೆನಪಾಗುವುದು ಆ ಮಕ್ಕಳ ದನಿ. ಬರೆದವನ ಹೆಸರು ಒಂದೇ: ವಾಟರ್ಸ್.

ಎರಡನೆಯ ವಾದ ನನ್ನನ್ನು ಹೆಚ್ಚು ಕೆಣಕುತ್ತದೆ: ಕೀಬೋರ್ಡಿನ ರಿಚರ್ಡ್ ರೈಟ್ ಮತ್ತು ಡ್ರಮ್ಸ್‌ನ ನಿಕ್ ಮೇಸನ್ ಬರೀ ಪಕ್ಕವಾದ್ಯದವರು, ಅವರ ಜಾಗದಲ್ಲಿ ಯಾರು ಕೂತರೂ ನಡೆಯುತ್ತಿತ್ತು. ನಮ್ಮ ಕಚೇರಿಯ ಅಭ್ಯಾಸ ಇಲ್ಲಿ ದಾರಿ ತಪ್ಪಿಸುತ್ತದೆ. ವೇದಿಕೆಯ ನಡುವೆ ಒಬ್ಬರು ಮುಖ್ಯ ಕಲಾವಿದರು, ಅವರ ಅಕ್ಕಪಕ್ಕ ಪಿಟೀಲು, ಮೃದಂಗ. ಹಾಡುವ ಕೃತಿಯಂತೂ ಮೊದಲೇ ಸಿದ್ಧವಾಗಿರುತ್ತದೆ. ಪಿಂಕ್ ಫ್ಲಾಯ್ಡ್‌ನ ಕೋಣೆಯಲ್ಲಿ ಕೃತಿಯೇ ಇರಲಿಲ್ಲ. 1968ರಲ್ಲಿ ಸಿಡ್ ಬ್ಯಾರೆಟ್ ಹೊರಗಾದಾಗ ಹಾಡು ಬರೆಯುವವನೇ ಹೋಗಿಬಿಟ್ಟಿದ್ದ. ಉಳಿದ ನಾಲ್ವರು ಗಂಟೆಗಟ್ಟಲೆ ನುಡಿಸುತ್ತ, ಕೇಳುತ್ತ, ಬಿಸಾಡುತ್ತ ಹುಡುಕಬೇಕಾಯಿತು.

1971ರ ಆರಂಭದಲ್ಲಿ ಅವರು ಹಾಗೆ ಕೂಡಿಹಾಕಿದ ಚೂರುಪಾರುಗಳಿಗೆ 'ನಥಿಂಗ್' ಎಂದೇ ಹೆಸರಿಟ್ಟು ನಂಬರು ಕೊಟ್ಟಿದ್ದರು, 1ರಿಂದ 24ರವರೆಗೆ. ಅವುಗಳಲ್ಲೊಂದು ರೈಟ್ ಪಿಯಾನೋದ ಮೇಲೆ ಒತ್ತಿದ ಒಂದೇ ಒಂದು ಸ್ವರ. ಮೈಕಿನಿಂದ ಹಿಡಿದು, ಲೆಸ್ಲಿ ಎಂಬ ತಿರುಗುವ ಸ್ಪೀಕರಿನ ಮೂಲಕ ಹಾಯಿಸಿದಾಗ ಅದು ನೀರೊಳಗಿಂದ ಬಂದ ದನಿಯಂತಾಯಿತು. ಆ ಸ್ವರದ ಸುತ್ತ ಬೆಳೆದದ್ದು 23 ನಿಮಿಷ ಮೀರಿದ 'ಎಕೋಸ್'. ಅದರ ಕೆಳಗೆ ನಾಲ್ವರ ಹೆಸರೂ ಇದೆ. ಸ್ವರ ಒತ್ತಿದವನು ಒಬ್ಬ, ಅದು ಒತ್ತತಕ್ಕ ಸ್ವರವೆಂದು ಗುರುತಿಸಿದ ಕಿವಿ ನಾಲ್ವರದು.

'ಅಸ್ ಅಂಡ್ ದೆಮ್' ಕೂಡ ರೈಟ್‌ನ ಪಿಯಾನೋದಿಂದ ಬಂದದ್ದು. ಅಂಟೋನಿಯೋನಿಯ 'ಜಬ್ರಿಸ್ಕಿ ಪಾಯಿಂಟ್' ಸಿನಿಮಾಕ್ಕೆಂದು ರೈಟ್ ನುಡಿಸಿದ್ದ ತುಣುಕನ್ನು ಆ ನಿರ್ದೇಶಕ ಬೇಡವೆಂದ. ಮೂಲೆ ಸೇರಿದ್ದ ಅದೇ ತುಣುಕಿಗೆ ವಾಟರ್ಸ್ ಆಮೇಲೆ ಮಾತು ಕೊಟ್ಟ. ಇಲ್ಲಿ ಸಾಹಿತ್ಯ ಮುಂದೆ, ರಾಗ ಹಿಂದೆ ಎಂಬ ನಿಮ್ಮ ಕ್ರಮ ಪೂರ್ತಿ ತಲೆಕೆಳಗಾಗಿದೆ. ಆ ಪಿಯಾನೋದ ನಿಧಾನ, ಸಾಲು ಸಾಲಿನ ನಡುವೆ ಅದು ಬಿಟ್ಟುಕೊಟ್ಟ ಖಾಲಿ ಜಾಗ ಇಲ್ಲದಿದ್ದರೆ ವಾಟರ್ಸ್ ಅಷ್ಟು ಕಡಿಮೆ ಮಾತಿನಲ್ಲಿ ಬರೆಯುತ್ತಿರಲಿಲ್ಲ. ಜಾಗ ಸಿಕ್ಕಾಗಲೆಲ್ಲ ಅವನು ಮಾತು ತುಂಬುತ್ತಾನೆ ಎಂಬುದಕ್ಕೆ ಅವನ ಒಂಟಿ ಆಲ್ಬಮ್‌ಗಳಿವೆ.

ಮೇಸನ್ ವಿಷಯದಲ್ಲಿ ನಿಮ್ಮ ಕೈಯಲ್ಲಿ ಒಂದು ಗಟ್ಟಿ ಅಸ್ತ್ರವಿದೆ, ಅದನ್ನು ನಾನೇ ಹೇಳಿಬಿಡುತ್ತೇನೆ. 'ದ ವಾಲ್'ನ 'ಮದರ್' ಹಾಡಿನ ಲಯ ಅವನಿಗೆ ಹಿಡಿತಕ್ಕೆ ಬರಲಿಲ್ಲ, ಅಲ್ಲಿ ಡ್ರಮ್ಸ್ ನುಡಿಸಿದ್ದು ಜೆಫ್ ಪೊರ್ಕಾರೊ. 'ದ ಫೈನಲ್ ಕಟ್'ನ ಕೊನೆಯ ಹಾಡಿನಲ್ಲೂ ಬೇರೆಯವರೇ ಕೂತರು. ಒಪ್ಪಿದೆ, ಅವನು ಮಹಾ ಚತುರ ಡ್ರಮ್ಮರ್ ಅಲ್ಲ. ಆದರೆ 'ಡಾರ್ಕ್ ಸೈಡ್' ಶುರುವಾಗುವ ಎದೆಬಡಿತ, ಗಡಿಯಾರ, ನಗು, ಕಿರುಚು ಸೇರಿದ 'ಸ್ಪೀಕ್ ಟು ಮಿ' ಅವನ ಹೆಸರಿನಲ್ಲೇ ಇದೆ. ಎಲ್ಲಿ ನುಡಿಸಬಾರದು ಎಂಬುದು ಅವನಿಗೆ ಗೊತ್ತಿತ್ತು, ಆ ಸಂಗೀತಕ್ಕೆ ಅದು ಸಾಕಿತ್ತು.

ಬ್ಯಾರೆಟ್ ಹೋದ ದಿನವೇ ಪಿಂಕ್ ಫ್ಲಾಯ್ಡ್ ಸತ್ತಿತು ಎನ್ನುವ ಒಂದು ಸಣ್ಣ ಗುಂಪೂ ಇದೆ. 1967ರ ಮೊದಲ ಆಲ್ಬಮ್ ಬಹುಪಾಲು ಅವನದೇ, ಅದರ ಬೆಡಗು ಮತ್ತೆ ಯಾರಿಗೂ ದಕ್ಕಲಿಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ. ಅವರೊಡನೆ ವಾದ ಮಾಡಿ ಗೆದ್ದವರಿಲ್ಲ.

ಇನ್ನು ಮೂರನೆಯದು. ಎರಡೂ ಪಾಳಯದವರು ಒಟ್ಟಾಗಿ ಒಪ್ಪುವ ಮಾತು: ಜಗಳವೇ ಅವರ ಶಕ್ತಿ, ವಾಟರ್ಸ್ ಮತ್ತು ಗಿಲ್ಮೋರ್ ಕಚ್ಚಾಡಿದ್ದರಿಂದಲೇ ಒಳ್ಳೆಯ ಹಾಡು ಹುಟ್ಟಿದವು. ಕೇಳಲು ಚೆನ್ನಾಗಿದೆ, ತಾರೀಖುಗಳು ಮಾತ್ರ ಹೊಂದುವುದಿಲ್ಲ. 'ಡಾರ್ಕ್ ಸೈಡ್' ಹುಟ್ಟಿದ್ದು ಅವರು ಹೆಚ್ಚುಕಡಿಮೆ ಸೌಹಾರ್ದದಿಂದ ಇದ್ದ ಕಾಲದಲ್ಲಿ. 1972ರ ಜನವರಿಯಲ್ಲಿ ಬ್ರೈಟನ್‌ನಲ್ಲಿ ಅದನ್ನು ಮೊದಲು ವೇದಿಕೆಗೆ ತಂದಾಗ ಯಂತ್ರಗಳು ಕೈಕೊಟ್ಟು ನಡುವೆಯೇ ನಿಲ್ಲಿಸಬೇಕಾಯಿತು. ರೆಕಾರ್ಡ್ ಹೊರಬರುವವರೆಗಿನ ಒಂದು ವರ್ಷ ಊರೂರು ಸುತ್ತಿ ನುಡಿಸುತ್ತಲೇ ತಿದ್ದಿದರು. ಗಿಟಾರಿನ ಒಂದು ಉದ್ದ ಜಾಮ್ ತೆಗೆದು ಆ ಜಾಗದಲ್ಲಿ ಸಿಂಥಸೈಸರಿನ 'ಆನ್ ದ ರನ್' ಇಟ್ಟರು. ಅದು ಗಿಲ್ಮೋರ್ ಮತ್ತು ವಾಟರ್ಸ್ ಸೇರಿ ಮಾಡಿದ ಕೆಲಸ. ಜಗಳ ತಾರಕಕ್ಕೇರಿದ್ದು ಹತ್ತು ವರ್ಷದ ಮೇಲೆ, 'ದ ಫೈನಲ್ ಕಟ್' ಹೊತ್ತಿಗೆ. ಜಗಳವೇ ಶಕ್ತಿಯಾಗಿದ್ದರೆ ಅದು ಅವರ ಅತ್ಯುತ್ತಮ ಆಲ್ಬಮ್ ಆಗಬೇಕಿತ್ತು.

ವ್ಯತ್ಯಾಸ ಇರುವುದು ಬೇರೆ ಕಡೆ: ಒಬ್ಬ 'ಬೇಡ' ಎಂದರೆ ಆ ಮಾತಿಗೆ ತೂಕವಿತ್ತೇ? 1975ರಲ್ಲಿ 'ಶೈನ್ ಆನ್ ಯೂ ಕ್ರೇಜಿ ಡೈಮಂಡ್' ಅನ್ನು ಎರಡಾಗಿ ಸೀಳಿ ಆಲ್ಬಮ್ಮಿನ ಎರಡು ತುದಿಗಿಟ್ಟು ನಡುವೆ ಹೊಸ ಹಾಡು ತುಂಬೋಣ ಎಂದವನು ವಾಟರ್ಸ್. ಗಿಲ್ಮೋರ್ ವಿರೋಧಿಸಿದ. ಆಗಲೇ ವೇದಿಕೆಯಲ್ಲಿ ನುಡಿಸುತ್ತಿದ್ದ ಬೇರೆರಡು ಹಾಡುಗಳನ್ನು ಸೇರಿಸಿದರೆ ಸಾಕೆಂಬುದು ಅವನ ವಾದ. ಉಳಿದವರು ವಾಟರ್ಸ್ ಕಡೆ ನಿಂತರು, ಗಿಲ್ಮೋರ್ ಸೋತ. ಗಿಲ್ಮೋರ್ ಭಕ್ತರೇ, ಇಲ್ಲಿ ನಿಮ್ಮವನು ತಪ್ಪಿದ್ದ. ಅವನು ಗೆದ್ದಿದ್ದರೆ 'ವಿಶ್ ಯೂ ವರ್ ಹಿಯರ್' ಎಂಬ ಹಾಡೇ ಆ ಆಲ್ಬಮ್ಮಿನಲ್ಲಿ ಇರುತ್ತಿರಲಿಲ್ಲ. ಆದರೆ 'ಶೈನ್ ಆನ್' ಹುಟ್ಟಿದ್ದೇ ಗಿಲ್ಮೋರ್ ತಾಲೀಮಿನಲ್ಲಿ ಸುಮ್ಮನೆ ನುಡಿಸಿದ ನಾಲ್ಕು ಸ್ವರಗಳಿಂದ. ಅದರಲ್ಲಿ ಬ್ಯಾರೆಟ್‌ನ ನೆನಪು ಕೇಳಿಸಿದ್ದು ವಾಟರ್ಸ್‌ಗೆ. ಇದನ್ನು ಯಾರ ಖಾತೆಗೆ ಬರೆಯುತ್ತೀರಿ?

'ಕಂಫರ್ಟಬ್ಲಿ ನಂಬ್' ವಿಷಯದಲ್ಲಿ ಜಗಳ ನಡೆದದ್ದು ನಿಜ, ಜೋರಾಗಿಯೇ. ರಾಗ ಗಿಲ್ಮೋರನದು, 1978ರ ಅವನ ಒಂಟಿ ಆಲ್ಬಮ್ಮಿನ ಹೊತ್ತಿಗೆ ಮಾಡಿ ಬಳಸದೆ ಉಳಿದಿದ್ದದ್ದು. ಮಾತು ವಾಟರ್ಸ್‌ನದು. ವಾದ್ಯವೃಂದ ತುಂಬಿದ ರೂಪ ವಾಟರ್ಸ್ ಮತ್ತು ಎಜ್ರಿನ್‌ಗೆ ಬೇಕಿತ್ತು, ಗಿಲ್ಮೋರ್‌ಗೆ ಬರಿಮೈಯ ಒರಟು ರೂಪ. ಕೊನೆಗೆ ರಾಜಿಯಾಯಿತು: ಹಾಡಿನ ಒಡಲಿಗೆ ವಾದ್ಯವೃಂದ, ಕೊನೆಯ ಸೋಲೋ ಮಾತ್ರ ಅದರ ಹಂಗಿಲ್ಲದೆ. ಇಬ್ಬರಿಗೂ ಪೂರ್ತಿ ಗೆಲ್ಲಲಾಗಲಿಲ್ಲ ಎಂಬುದರಿಂದಲೇ ಅದು ಇಂದು ಕೇಳುವಂತಿದೆ.

ಮೂರು ವರ್ಷ ಕಳೆಯುವಷ್ಟರಲ್ಲಿ 'ಬೇಡ' ಎನ್ನುವ ಮಾತಿಗಿದ್ದ ಆ ತೂಕ ಹೋಗಿತ್ತು. ರೈಟ್‌ನನ್ನು 1979ರಲ್ಲೇ ಹೊರಹಾಕಲಾಗಿತ್ತು. ಆಮೇಲೆ 'ದ ವಾಲ್' ಪ್ರದರ್ಶನಗಳಲ್ಲಿ ಅವನು ಸಂಬಳಕ್ಕೆ ನುಡಿಸಿದ. ಆ ಪ್ರದರ್ಶನಗಳು ನಷ್ಟಕ್ಕೆ ಬಿದ್ದು, ಸಂಬಳದ ರೈಟ್‌ಗೆ ಮಾತ್ರ ದುಡ್ಡು ಉಳಿಯಿತು ಎಂಬುದು ಈ ಕತೆಯ ಒಂದೇ ಒಂದು ಹಾಸ್ಯ. 'ದ ವಾಲ್'ಗೆ ಬೇಡವಾಗಿದ್ದ ಹಾಡು 'ದ ಫೈನಲ್ ಕಟ್'ಗೆ ಹೇಗೆ ಬೇಕಾಯಿತು ಎಂದು ಗಿಲ್ಮೋರ್ ಕೇಳಿದ್ದಕ್ಕೆ ಉತ್ತರ ಸಿಗಲಿಲ್ಲ, ನಿರ್ಮಾಪಕರ ಪಟ್ಟಿಯಿಂದ ಅವನ ಹೆಸರು ಬಿತ್ತು. ನ್ಯಾಯವಾಗಿ ಹೇಳಬೇಕೆಂದರೆ ಅವನ ಹತ್ತಿರ ಆಗ ಸ್ವಂತ ಹಾಡುಗಳೂ ಇರಲಿಲ್ಲ. ಸಮಯ ಕೇಳಿದ, ವಾಟರ್ಸ್ ಕಾಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ಆಂಜಿಯೋದಲ್ಲಿ ಸತ್ತ ತಂದೆಗೆ ವಾಟರ್ಸ್ ಅರ್ಪಿಸಿದ ಆ ಆಲ್ಬಮ್ಮಿನ ನೋವು ಸಾಚಾ. ಬ್ರಿಟನ್ನಿನಲ್ಲಿ ಅದು ಮೊದಲ ಸ್ಥಾನವನ್ನೂ ಕಂಡಿತು. ಆದರೂ ಒಂದೇ ಗಂಟಲಿನ ಒಂದೇ ಉಸಿರಿನ ಆಲ್ಬಮ್ ಅದು, ಅರ್ಧ ದಾಟುವಷ್ಟರಲ್ಲಿ ನನಗೆ ದಣಿವಾಗುತ್ತದೆ.

'ದ ವಾಲ್' ಅಂತೂ ವಾಟರ್ಸ್‌ನದೇ ಅಲ್ಲವೇ ಎಂದು ಕೇಳುತ್ತೀರಿ. 1978ರಲ್ಲಿ ಅವನು ತಂದಿಟ್ಟದ್ದು ಎರಡು ಡೆಮೊ. ಇದಿರಲಿ, ಅದು ಬೇಡ ಎಂದು ಆರಿಸಿದವರು ಮಿಕ್ಕವರು. ಬೇಡವೆಂದದ್ದು 1984ರಲ್ಲಿ ಅವನ ಒಂಟಿ ಆಲ್ಬಮ್ ಆಗಿ ಹೊರಬಂತು. ಎರಡನ್ನೂ ಒಟ್ಟಿಗೆ ಕೇಳಿ ನೋಡಿ, ಆರಿಸಿದವರ ಕಿವಿಗೆ ಬೆಲೆ ಕಟ್ಟಬಹುದು.

ಈಗ ಗಿಲ್ಮೋರ್ ಪಕ್ಷದವರ ದೊಡ್ಡ ವಾದ: ವಾಟರ್ಸ್ 1985ರಲ್ಲಿ ಬಿಟ್ಟುಹೋದ ಮೇಲೂ ಬ್ಯಾಂಡ್ ನಡೆಯಿತು, ಕ್ರೀಡಾಂಗಣಗಳು ತುಂಬಿದವು, ಅಲ್ಲಿಗೆ ಅವನಿಲ್ಲದೆ ನಡೆಯುತ್ತದೆ ಎಂದಾಯಿತಲ್ಲ? ಹೆಸರಿನ ಮಟ್ಟಿಗೆ ಹೌದು. ಹೆಸರಿಗಾಗಿ 1986ರಲ್ಲಿ ಕೋರ್ಟಿಗೆ ಹೋದ ವಾಟರ್ಸ್, ಮರುವರ್ಷದ ಡಿಸೆಂಬರಿನಲ್ಲಿ ಗಿಲ್ಮೋರನ ದೋಣಿಮನೆಯಲ್ಲಿ ರಾಜಿಗೆ ಸಹಿ ಹಾಕಿದ. ಆ ಮೊಕದ್ದಮೆ ತನ್ನ ತಪ್ಪೆಂದು 2013ರಲ್ಲಿ ಅವನೇ ಒಪ್ಪಿಕೊಂಡ. ಆದರೆ 1987ರ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ಆಲ್ಬಮ್ಮಿನಲ್ಲಿ ಮೇಸನ್, ರೈಟ್ ಇಬ್ಬರ ಪಾಲೂ ಅತ್ಯಲ್ಪ. ಹೊರಗಿನ ವಾದಕರು, ಹೊರಗಿನ ಸಾಹಿತಿಗಳು ತುಂಬಿದ್ದಾರೆ. ಸದ್ದು ಪಿಂಕ್ ಫ್ಲಾಯ್ಡ್‌ನದು, ಹೇಳಲು ಮಾತ್ರ ಏನೂ ಇಲ್ಲ. 1994ರ 'ದ ಡಿವಿಷನ್ ಬೆಲ್'ನಲ್ಲಿ ರೈಟ್ ಮತ್ತೆ ಕೂಡಿ ರಾಗ ಕಟ್ಟಿದ, ಗಿಲ್ಮೋರನ ಜೊತೆ ಪಾಲಿ ಸ್ಯಾಮ್ಸನ್ ಸಾಹಿತ್ಯಕ್ಕೆ ಕೂತಳು. ಆಗ ಆ ಸಂಗೀತಕ್ಕೆ ಮತ್ತೆ ಜೀವ ಬಂತು.

ವಾಟರ್ಸ್ ಕಡೆಯ ಪರೀಕ್ಷೆಯನ್ನು ಅವನೇ ಮಾಡಿ ತೋರಿಸಿದ್ದಾನೆ. 2023ರಲ್ಲಿ 'ಡಾರ್ಕ್ ಸೈಡ್' ಇಡೀ ಆಲ್ಬಮ್ಮನ್ನು ಹಳೆಯ ಜೊತೆಗಾರರಿಲ್ಲದೆ ಮತ್ತೆ ರೆಕಾರ್ಡ್ ಮಾಡಿದ. ಗಿಟಾರ್ ಸೋಲೋ ಇಲ್ಲ, ಆ ಜಾಗದಲ್ಲಿ ಅವನ ಗಡಸು ದನಿಯ ಮಾತು. ಸಾಹಿತ್ಯವೇ ಪಿಂಕ್ ಫ್ಲಾಯ್ಡ್ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಮುದುಕನೊಬ್ಬ ತನ್ನ ಯೌವನದ ಸಾಲುಗಳನ್ನು ಓದಿಕೊಳ್ಳುವುದನ್ನು ಕೇಳುವ ಕುತೂಹಲ ನನಗೂ ಇತ್ತು. ಆದರೆ ಮತ್ತೆ ಕೇಳಬೇಕೆನಿಸಿದಾಗ ಕೈ ಹೋದದ್ದು 1973ರ ರೆಕಾರ್ಡಿಗೆ. ಅರಮನೆ ಮೈದಾನದ ಆ ರಾತ್ರಿಯನ್ನೂ ನೆನಪಿಸಿಕೊಳ್ಳಿ. ಗಿಲ್ಮೋರ್ ಒಬ್ಬನ ಜಾಗ ತುಂಬಲು ವಾಟರ್ಸ್ ಒಬ್ಬರಿಗಿಂತ ಹೆಚ್ಚು ಗಿಟಾರ್ ವಾದಕರನ್ನು ಕರೆತಂದಿದ್ದ. ಗಿಲ್ಮೋರ್ ಈ ಪಾಠವನ್ನು ಬೇರೆ ರೀತಿಯಲ್ಲಿ ಒಪ್ಪಿಕೊಂಡ. 2008ರಲ್ಲಿ ರೈಟ್ ತೀರಿಕೊಂಡ ಮೇಲೆ, 2016ರಲ್ಲಿ, ನಾಲ್ವರೂ ಹಿಂದೆ ನುಡಿಸಿದ್ದ ಪೊಂಪೈನ ಹಳೆಯ ರಂಗಕ್ಕೆ ಮರಳಿದಾಗಲೂ ಅವನು 'ಎಕೋಸ್' ನುಡಿಸಲಿಲ್ಲ.

ಕೊನೆಗೆ ಎಲ್ಲ ವಾದವೂ ಮುಗಿದಾಗ ಬರುವ ಮಾತೊಂದಿದೆ: ಯಾರು ಮಾಡಿದರೇನು, ಹಾಡು ಕೇಳಿ ಸುಮ್ಮನಿರಬಾರದೇ? ಈ ಪ್ರಶ್ನೆಯನ್ನು ಕ್ಲೇರ್ ಟೋರಿಯ ಮುಂದೆ ಇಡಬೇಕು. 1973ರ ಜನವರಿಯ ಒಂದು ಭಾನುವಾರ ಆ ಯುವ ಗಾಯಕಿಯನ್ನು ಆಬಿ ರೋಡ್ ಸ್ಟುಡಿಯೋಗೆ ಕರೆಸಿ, ರೈಟ್‌ನ ಪಿಯಾನೋ ಕೇಳಿಸಿ, ಮಾತಿಲ್ಲದೆ ಹಾಡು ಎಂದರು. ರಾಗವನ್ನು ಯಾರೂ ಹೇಳಿಕೊಡಲಿಲ್ಲ. 'ದ ಗ್ರೇಟ್ ಗಿಗ್ ಇನ್ ದ ಸ್ಕೈ'ನಲ್ಲಿ ನಾವು ಕೇಳುವ ಆ ಗೋಳು, ಆ ಏರಿಳಿತ ಆಕೆ ಅಲ್ಲಿಯೇ ಹುಟ್ಟಿಸಿದ್ದು. ಕೈಗೆ ಬಂದದ್ದು 30 ಪೌಂಡ್. ಮೂರು ದಶಕ ಆ ಹಾಡಿನ ಕೆಳಗೆ ರೈಟ್‌ನ ಹೆಸರೊಂದೇ ಇತ್ತು. 2004ರಲ್ಲಿ ಆಕೆ ಕೋರ್ಟಿಗೆ ಹೋದಳು, ಮರುವರ್ಷ ರಾಜಿಯಾಯಿತು. ಆಮೇಲಿನ ಪ್ರತಿಗಳ ಕವರ್ ಮೇಲೆ ರಚನೆ ಎಂಬಲ್ಲಿ ಎರಡು ಹೆಸರಿವೆ: ರೈಟ್, ಟೋರಿ.