ಬಾಗಿಲಲ್ಲಿ ಬರೆಯಬೇಕಾದ ಲೆಕ್ಕ

ದೊಡ್ಡ ವಾಣಿಜ್ಯ ಕಟ್ಟಡವೊಂದರ ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಅದರ ಗೋಡೆ ಎಂತಹುದು, ಗಾಜು ಎಷ್ಟು, ಹವಾನಿಯಂತ್ರಣ ಯಾವ ಬಗೆಯದು ಎಂದು ವಿಚಾರಿಸತಕ್ಕ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ನಮ್ಮ ದೇಶದಲ್ಲಿ 2007ರಲ್ಲಿಯೇ ಹುಟ್ಟಿತು, 2017ರಲ್ಲಿ ಪರಿಷ್ಕೃತವಾಯಿತು, 2022ರ ಕಾಯಿದೆಯ ತಿದ್ದುಪಡಿಯಿಂದ ಅದರ ವ್ಯಾಪ್ತಿಯೂ ಹಿಗ್ಗಿತು. ಆದರೆ ಆ ಕಟ್ಟಡ ಮುಗಿದು, ಸಾವಿರಾರು ಜನ ಅದರೊಳಗೆ ದುಡಿಯತೊಡಗಿದ ಮೇಲೆ, ವರ್ಷಕ್ಕೆ ಅದು ವಾಸ್ತವವಾಗಿ ಎಷ್ಟು ವಿದ್ಯುಚ್ಛಕ್ತಿಯನ್ನು ವ್ಯಯಿಸಿತೆಂಬುದನ್ನು ಲೋಕದ ಮುಂದೆ ಹೇಳಿಸುವ ನಿರ್ಬಂಧ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿಯೂ ಇಲ್ಲ, ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಇಲ್ಲ. ಕೇಂದ್ರದ ಇಂಧನ ದಕ್ಷತಾ ಸಂಸ್ಥೆ 2009ರಿಂದ ಕಚೇರಿ ಕಟ್ಟಡಗಳಿಗೆ ನೀಡುತ್ತಿರುವ ನಕ್ಷತ್ರಗಳು ಕೇಳಿದವರಿಗೆ ಮಾತ್ರ ದೊರೆಯುತ್ತವೆ. ಅಪವ್ಯಯದ ಅರಿವುಳ್ಳ ಮಾಲೀಕ ಅವನ್ನು ಕೇಳಲು ಹೋಗುವುದಿಲ್ಲ. ಈ ಲೆಕ್ಕ ಪ್ರತಿವರ್ಷವೂ ಕಡ್ಡಾಯವಾಗಿ ಪ್ರಕಟವಾಗಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪೀಣ್ಯದ ಸಣ್ಣ ಯಂತ್ರಾಗಾರದ ಒಡೆಯನಿಗೆ ಇಂತಹ ಕಾನೂನಿನ ಅಗತ್ಯವೇ ಇಲ್ಲವೆನ್ನಬಹುದು. ಲೇತ್ ಎಷ್ಟು ಹೊತ್ತು ತಿರುಗಿತು, ಕಂಪ್ರೆಸರಿನ ಗಾಳಿ ಯಾವ ಕೊಳವೆಯ ಬಾಯಲ್ಲಿ ಸೋರುತ್ತಿದೆ, ಕೆಪಾಸಿಟರ್ ಕೆಟ್ಟರೆ ಪವರ್ ಫ್ಯಾಕ್ಟರ್ ಇಳಿದು ಬಿಲ್ಲಿನಲ್ಲಿ ದಂಡ ಎಷ್ಟು ಬೀಳುತ್ತದೆ ಎಂಬುದೆಲ್ಲ ಅವನಿಗೆ ಕಂಠಪಾಠ. ಏಕೆಂದರೆ ಯಂತ್ರವೂ ಅವನದು, ಹಣವೂ ಅವನದು. ಟೆಕ್ ಪಾರ್ಕಿನ ಸ್ಥಿತಿಯೇ ಬೇರೆ. ಕಟ್ಟಿಸಿದವನೊಬ್ಬ, ಬಾಡಿಗೆಗೆ ಬಂದವನೊಬ್ಬ, ಚಿಲ್ಲರ್‌ಗಳನ್ನೂ ಲಿಫ್ಟುಗಳನ್ನೂ ನೋಡಿಕೊಳ್ಳುವ ಗುತ್ತಿಗೆದಾರ ಮತ್ತೊಬ್ಬ. ಪಶ್ಚಿಮದ ಬಿಸಿಲಿಗೆ ಎದುರಾಗಿ ಗಾಜಿನ ಗೋಡೆ ನಿಲ್ಲಿಸಿದವನು ಅದರ ತಾಪವನ್ನು ತಣಿಸುವ ಬಿಲ್ಲನ್ನು ತೆರುವುದಿಲ್ಲ. ಬಿಲ್ಲು ತೆರುವವನಿಗೆ ಗೋಡೆಯನ್ನು ಬದಲಿಸುವ ಅಧಿಕಾರವಿಲ್ಲ. ಸಾಮಾನ್ಯ ಸೌಕರ್ಯಗಳ ವೆಚ್ಚವೆಲ್ಲ ಚದರಡಿಯ ನಿರ್ವಹಣಾ ಶುಲ್ಕದೊಳಗೆ ಕರಗಿಹೋಗುವುದರಿಂದ ಯಾರ ಅಜಾಗರೂಕತೆಗೆ ಯಾರು ಹಣ ಕೊಟ್ಟರೆಂಬುದೂ ತಿಳಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ವರ್ಷದ ಬಹುಭಾಗ ಕಿಟಕಿ ತೆರೆದು ಕುಳಿತರೆ ಸಾಕೆನಿಸುವ ಹವೆಯುಳ್ಳ ಊರಿನಲ್ಲಿ, ತೆರೆಯಲಾಗದ ಕಿಟಕಿಗಳ ಕಟ್ಟಡಗಳು ಸಾಲುಸಾಲಾಗಿ ಎದ್ದುದಕ್ಕೆ ಈ ಹೊಣೆಗೇಡಿತನವೂ ಒಂದು ಕಾರಣ. ಬಾಡಿಗೆ ಗೊತ್ತುಮಾಡುವ ಮುನ್ನವೇ ಚದರ ಮೀಟರಿಗೆ ಇಷ್ಟು ಯೂನಿಟ್ಟೆಂಬ ಅಂಕಿ ಕಣ್ಣಿಗೆ ಬಿದ್ದರೆ, ಆ ಗಾಜಿನ ಬೆಲೆಯನ್ನು ಕಟ್ಟಿಸಿದವನೂ ತೆರಬೇಕಾಗುತ್ತದೆ.

ಇದು ಹೊರಲಾರದ ಹೊರೆಯೆಂಬ ಆಕ್ಷೇಪ ನಿಲ್ಲತಕ್ಕದ್ದಲ್ಲ. ಯೂನಿಟ್ಟುಗಳ ಲೆಕ್ಕ ಬೆಸ್ಕಾಂನಲ್ಲಿದೆ. ಕಟ್ಟಡದ ವಿಸ್ತೀರ್ಣ ಆಸ್ತಿತೆರಿಗೆಯ ಘೋಷಣೆಯಲ್ಲಿದೆ. ಡೀಸೆಲ್ ಜನರೇಟರಿನ ಮತ್ತು ತಾರಸಿಯ ಸೌರಫಲಕಗಳ ಉತ್ಪತ್ತಿಯನ್ನು ಕೂಡಿಸಿ ಭಾಗಿಸಿದರೆ ಮುಗಿಯಿತು. ಮೂರು ಪಾಳಿಯ ಕಚೇರಿಯನ್ನು ಒಂದು ಪಾಳಿಯದರೊಡನೆ ಹೋಲಿಸುವುದು ಅನ್ಯಾಯವೆಂಬ ಮಾತು ನ್ಯಾಯವಾದುದೇ. ಹಾಗಾದರೆ ದುಡಿಮೆಯ ಗಂಟೆಗಳನ್ನೂ ಜನಸಂಖ್ಯೆಯನ್ನೂ ಜೊತೆಗೆ ಬರೆಯಲಿ. ವ್ಯಾಪಾರದ ಗುಟ್ಟೆಂಬ ವಾದವಂತೂ ನಿರಾಧಾರ: ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ಒಟ್ಟು ಇಂಧನ ಬಳಕೆಯನ್ನು ಸೆಬಿಯ ನಿಯಮದಂತೆ 2022-23ರಿಂದ ಪ್ರಕಟಿಸಲೇಬೇಕಾಗಿದೆ. ನ್ಯೂಯಾರ್ಕ್ ನಗರ 2009ರಲ್ಲಿಯೇ ದೊಡ್ಡ ಕಟ್ಟಡಗಳ ಮೇಲೆ ಈ ಕರ್ತವ್ಯವನ್ನು ವಿಧಿಸಿತು. ಈಗ ಅಲ್ಲಿ ದರ್ಜೆಯ ಅಕ್ಷರವನ್ನು ಬಾಗಿಲಲ್ಲಿಯೇ ಅಂಟಿಸಬೇಕು. ವೈಟ್‌ಫೀಲ್ಡಿನ ಐಟಿಪಿಎಲ್ಲನ್ನು ನಮ್ಮವರೊಡನೆ ಕೂಡಿ ಕಟ್ಟಿದ ಸಿಂಗಪುರದಲ್ಲಿಯೂ ವಾಣಿಜ್ಯ ಕಟ್ಟಡಗಳ ಮಾಲೀಕರು ವರ್ಷವರ್ಷವೂ ಸರ್ಕಾರಕ್ಕೆ ಲೆಕ್ಕ ಒಪ್ಪಿಸುತ್ತಾರೆ.

ಮಾಹಿತಿ ತಂತ್ರಜ್ಞಾನ ಇಲಾಖೆಯ ಪ್ರಮಾಣಪತ್ರವಿದ್ದ ಸಾಫ್ಟ್‌ವೇರ್ ಸಂಸ್ಥೆಗೆ ನಮ್ಮ ರಾಜ್ಯದಲ್ಲಿ ವಾಣಿಜ್ಯ ದರವಲ್ಲ, ಕೈಗಾರಿಕಾ ದರವೇ ಅನ್ವಯಿಸುತ್ತದೆ. ಸಾರ್ವಜನಿಕರಿಂದ ರಿಯಾಯಿತಿ ಪಡೆದವರು ಸಾರ್ವಜನಿಕರಿಗೆ ಲೆಕ್ಕ ಕೊಡುವುದರಲ್ಲಿ ಯಾವ ಅವಮಾನವುಂಟು? 2023ರ ಬರದಲ್ಲಿ ರೈತನ ಪಂಪ್‌ಸೆಟ್ಟಿಗೆ ಏಳು ಗಂಟೆಯಿದ್ದ ತ್ರೀಫೇಸ್ ಕರೆಂಟು ಐದು ಗಂಟೆಗಿಳಿದಾಗ, ಒಣಗುತ್ತಿದ್ದ ಪೈರಿನೆದುರು ಅವನು ಗಂಟೆಗಳನ್ನು ಎಣಿಸಿದನಷ್ಟೆ. ಶರಾವತಿಯ ದಡದ ಜನ ಲಿಂಗನಮಕ್ಕಿಗಾಗಿ ಮನೆ, ತೋಟ, ಗುಡಿಗಳನ್ನೆಲ್ಲ ನೀರಿಗೆ ಒಪ್ಪಿಸಿ ಅರುವತ್ತು ವರ್ಷಗಳು ಸಂದಿವೆ. ಈಗ ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ತಳಕಳಲೆ ಮತ್ತು ಗೇರುಸೊಪ್ಪೆಗಳ ನಡುವೆ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಬೇಡಿಕೆಯೆಲ್ಲವೂ ಟೆಕ್ ಪಾರ್ಕುಗಳದೇ ಎಂದು ನಾನು ದೂರುತ್ತಿಲ್ಲ. ಮಲೆನಾಡಿನವರನ್ನು ಮತ್ತೆ ಕಾಡು ಕೇಳುವುದಕ್ಕೆ ಮೊದಲು, ಕೇಳುವ ಊರು ತನ್ನ ಬಳಕೆಯ ಲೆಕ್ಕವನ್ನು ಅವರ ಮುಂದಿಡಬೇಕು.

ಆರಂಭಕ್ಕೆ ಎಲೆಕ್ಟ್ರಾನಿಕ್ ಸಿಟಿಯೇ ಯೋಗ್ಯ ಸ್ಥಳ. 2013ರಿಂದ ಅಲ್ಲಿ ತೆರಿಗೆ ಎತ್ತಿ ಊರನ್ನು ನಡೆಸುತ್ತಿರುವುದು ಉದ್ಯಮಗಳದೇ ಆದ ಟೌನ್‌ಶಿಪ್ ಪ್ರಾಧಿಕಾರ. ವಿಸ್ತೀರ್ಣದ ದಾಖಲೆಯೂ ಅದರ ಕೈಯಲ್ಲಿದೆ. ರಾಜ್ಯದ ಆದೇಶಕ್ಕೆ ಕಾಯದೆ, ದೊಡ್ಡ ಕಟ್ಟಡಗಳ ಹೆಬ್ಬಾಗಿಲಲ್ಲಿ ಹೊಳೆಯುವ ಹಸಿರು ಪ್ರಶಸ್ತಿಯ ಫಲಕದ ಕೆಳಗೆ, ಕಳೆದ ವರ್ಷ ಚದರ ಮೀಟರಿಗೆ ಉರಿದ ಯೂನಿಟ್ಟುಗಳ ಸಂಖ್ಯೆಯನ್ನು ಅದು ಬರೆಯಿಸಲಿ.